ಬಂಪರಿಗೆ ಹಿಡಿಯದ ಬಣ್ಣ

ತಂದೆಗೆ ಬೆಳ್ತಂಗಡಿಯಲ್ಲಿ ಬಾಡಿಗೆ ಕಾರು. ಮಗ ಮೂಡುಬಿದಿರೆಯಲ್ಲಿ ಪಿಯುಸಿ ವಿಜ್ಞಾನ ವಿದ್ಯಾರ್ಥಿ. ಬಿಸಿಲಲ್ಲಿ ನಿಂತೂ ನಿಂತೂ ಕಾರಿನ ಕಪ್ಪು ಬಂಪರು ಬೂದಿ ಬಣ್ಣಕ್ಕೆ ತಿರುಗಿತ್ತು. ಬೇಸಿಗೆ ರಜೆಯಲ್ಲಿ ಮಗ, "ನಾನೇ ಪೈಂಟ್ ಹೊಡೆಯುತ್ತೇನೆ ಅಪ್ಪ" ಎಂದ. ತಂದೆ ಎರಡು ದಿನದ ಬಾಡಿಗೆ ಬಿಟ್ಟು, ಬಣ್ಣಕ್ಕೆ ದುಡ್ಡನ್ನೂ ಕೊಟ್ಟರು. ಬಂಪರು ಫಳಫಳ ಹೊಳೆಯಿತು.

ಜೂನ್ ಮಳೆ ಹಿಡಿದದ್ದೇ ತಡ, ಬಣ್ಣ ಹಾವಿನ ಪೊರೆಯಂತೆ ಕಳಚಿಕೊಂಡಿತು. "ಇಷ್ಟು ಓದಿಸಿ ಎಂತ ಪ್ರಯೋಜನ?" ಎಂದುಬಿಟ್ಟರು ತಂದೆ. ಎರಡು ದಿನ ಮನೆಯಲ್ಲಿ ಮಾತಿಲ್ಲ.

ಕೊನೆಗೆ ಇಬ್ಬರೂ ಬಂಟ್ವಾಳದ ಬಿ.ಸಿ. ರೋಡಿನ ಗ್ಯಾರೇಜೊಂದಕ್ಕೆ ಹೋದರು. ಹಿರಿಯ ಪೈಂಟರು ಬಂಪರಿನ ಒಳಮೈಯಲ್ಲಿ ಅಚ್ಚಾಗಿದ್ದ 'ಪಿಪಿ' ಅಕ್ಷರ ತೋರಿಸಿ, ಅಲ್ಲೇ ನೀರು ಚಿಮುಕಿಸಿದರು. ಹನಿಗಳು ಮಣಿಯಂತೆ ಉಂಡೆಯಾಗಿ ನಿಂತವು. "ಕೆಸುವಿನ ಎಲೆ ನೋಡಿದ್ದೀಯಲ್ಲ ಮಾರಾಯ? ನೀರೇ ಅಂಟದಲ್ಲಿ ಬಣ್ಣ ಅಂಟುತ್ತದಾ?"

ಮೇಲ್ಮೈ ಸೆಳೆತದ ವ್ಯಾಖ್ಯೆ ಹುಡುಗನಿಗೆ ಬಾಯಿಪಾಠವಿತ್ತು. ಬಂಪರಿನಲ್ಲಿ ಅದನ್ನು ಕಂಡದ್ದು ಅಂದೇ.

'ಪಿಪಿ' ಎಂದರೆ ಪಾಲಿಪ್ರೊಪಿಲೀನ್. 1954ರಲ್ಲಿ ಇದನ್ನು ಸಿದ್ಧಪಡಿಸಿದ ಇಟಲಿಯ ನಟ್ಟಾ, ಜರ್ಮನಿಯ ಜೀಗ್ಲರ್ ಜೊತೆ 1963ರ ನೊಬೆಲ್ ಹಂಚಿಕೊಂಡರು. ಇದರ ಅಣುಸರಪಳಿಯಲ್ಲಿ ಇರುವುದು ಇಂಗಾಲ, ಜಲಜನಕ ಮಾತ್ರ. ಬಣ್ಣವನ್ನು ಹಿಡಿದುಕೊಳ್ಳುವ ಗುಂಪುಗಳಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಈ ಸರಪಳಿಯನ್ನು ತುಂಡರಿಸಿ ಮೇಲ್ಪದರವನ್ನು ಪುಡಿಯಾಗಿಸುತ್ತದೆ. ಆ ಪುಡಿಯ ಮೇಲೆ ಬಳಿದ ಬಣ್ಣ ಪುಡಿಯೊಡನೆಯೇ ಉದುರುತ್ತದೆ.

ಪೈಂಟರು ಹೇಳಿದ ಕ್ರಮ ಇದು: ಸೋಪು ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡು ಒರೆಸಬೇಕು. 400, ಅನಂತರ 600 ನಂಬರಿನ ವಾಟರ್ ಪೇಪರಿನಿಂದ ಉಜ್ಜಿ, ಮತ್ತೆ ತೊಳೆದು ಪೂರ್ತಿ ಒಣಗಿಸಬೇಕು. ಮೇಲೆ ಪ್ಲಾಸ್ಟಿಕ್ ಪ್ರೈಮರಿನ ತೆಳು ಪದರ. ಅದರಲ್ಲಿರುವ ಕ್ಲೋರಿನ್‌ಯುಕ್ತ ಪಾಲಿಮರ್ ಒಂದು ಕೈಯಲ್ಲಿ ಪ್ಲಾಸ್ಟಿಕ್ಕನ್ನು, ಇನ್ನೊಂದು ಕೈಯಲ್ಲಿ ಬಣ್ಣವನ್ನು ಹಿಡಿಯುತ್ತದೆ. ಆಮೇಲೆ ಬಾಗಿದರೂ ಬಿರಿಯದ ಬಣ್ಣ, ಎರಡು ಮೂರು ತೆಳು ಕೋಟು. ಸ್ಪ್ರೇ ಮಾಡುವಾಗ ಗಾಳಿಯಾಡುವ ಜಾಗ, ಮುಖಕ್ಕೆ ಸರಿಯಾದ ಮಾಸ್ಕ್ ಬೇಕೇ ಬೇಕು.

"ಈಗ ಬೇಡ, ಮಳೆ ಬಿಡಲಿ" ಎಂದರು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ತೇವದ ಗಾಳಿಯ ನೀರು ಅಲ್ಲಿ ಕುಳಿತು ಬಣ್ಣ ಬೆಳ್ಳಗಾಗುತ್ತದೆ.

ನವರಾತ್ರಿ ಕಳೆದ ಮೇಲೆ ಉಜ್ಜುವ ಕೆಲಸವನ್ನೆಲ್ಲ ಮಗನೇ ಮಾಡಿದ. ಕೈ ಬೊಬ್ಬೆ ಎದ್ದಿತು. ತಂದೆ ಪಕ್ಕದಲ್ಲಿ ಕುಳಿತು ನೀರು ಹೊಯ್ದರು.

ಮತ್ತೊಂದು ಮಳೆಗಾಲ ಕಳೆಯಿತು. ಬಣ್ಣ ಹಾಗೆಯೇ ಇದೆ. ಅಂದು ಆಡಿದ ಮಾತನ್ನು ತಂದೆ ಹಿಂತೆಗೆದುಕೊಂಡಿಲ್ಲ. ಆದರೆ ಕಾರು ಹತ್ತುವವರು ಬಂಪರು ಹೊಸತೇ ಎಂದು ಕೇಳಿದರೆ, "ಅಲ್ಲ, ಹಳೆಯದೇ. ನಮ್ಮ ಹುಡುಗ ಪೈಂಟ್ ಹೊಡೆದದ್ದು" ಎನ್ನುತ್ತಾರೆ.