ಟ್ಯಾಂಕಿನ ಮೇಲೊಂದು ಗೆರೆ

ನಲ್ಲಿಯಿಂದ ಟಪ್ ಟಪ್ ಅಂತ ಬೀಳುವ ನೀರು ಪಾಪದ್ದು. ರಾತ್ರಿ ನಿದ್ದೆ ಕೆಡಿಸುತ್ತೆ ಅಷ್ಟೆ, ಬೆಳಿಗ್ಗೆ ಎದ್ದು ಒಂದು ವಾಷರ್ ಹಾಕಿಸಿದರೆ ಮುಗೀತು. ಗೋಡೆಯೊಳಗೆ, ನೆಲದಡಿ, ಸಂಪಿನ ಬುಡದಲ್ಲಿ ಸದ್ದಿಲ್ಲದೆ ಸೋರುತ್ತಲ್ಲ, ಅದು ಬೇರೆ ಜಾತಿ. ಅದು ಸೋರುವಾಗ ನಮಗೆ ನೀರು ಕಾಣುವುದೇ ಇಲ್ಲ. ಮೋಟರು ದಿನಕ್ಕೊಂದು ಸಲ ಓಡುತ್ತಿದ್ದದ್ದು ಎರಡು ಸಲ ಓಡುತ್ತೆ, ಬಿಲ್ಲು ಏರುತ್ತೆ, ಆಮೇಲೆ ಮನೆಯಲ್ಲಿರುವ ಒಬ್ಬರ ಮೇಲೊಬ್ಬರಿಗೆ ಅನುಮಾನ ಶುರುವಾಗುತ್ತೆ. ನಮ್ಮಲ್ಲಿ ಆದದ್ದು ಇದೇ.

೨೦೨೪ರ ಮಾರ್ಚ್. ಬೆಂಗಳೂರಿನಲ್ಲಿದ್ದವರಿಗೆ ಆ ತಿಂಗಳನ್ನು ನೆನಪಿಸಬೇಕಾಗಿಲ್ಲ. ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಕಿದರೆ ೫೦೦೦ ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಟ್ಯಾಂಕರಿನವರಿಗೆ ಜಿಲ್ಲಾಡಳಿತ ದರ ಕಟ್ಟಿತ್ತು, ಐದು ಕಿಲೋಮೀಟರ್ ಒಳಗಾದರೆ ೬೦೦೦ ಲೀಟರಿಗೆ ೬೦೦ ರೂಪಾಯಿ. ಆ ದರಕ್ಕೆ ಟ್ಯಾಂಕರ್ ಸಿಕ್ಕವರು ಪುಣ್ಯವಂತರು, ನಾವಂತೂ ಆ ಪಟ್ಟಿಯಲ್ಲಿರಲಿಲ್ಲ.

ನಾವಿರುವುದು ಬಾಡಿಗೆ ಮನೆ. ಕೆಳಗೆ ಓನರ್ ಆಂಟಿ ಒಬ್ಬರೇ. ಮೊದಲ ಮಹಡಿಯಲ್ಲಿ ನಾನು, ಹೆಂಡತಿ, ಆಗ ಆರು ತಿಂಗಳಿನ ಮಗಳು. ಟೆರೇಸ್ ಮೇಲೆ ಒಂದು ರೂಮು, ಅದರಲ್ಲಿ ಬಾಗಲಕೋಟೆ ಕಡೆಯ ಮೂರು ಜನ ಹುಡುಗರು. ಆ ರೂಮಿನ ತಲೆಯ ಮೇಲೆ ಎಲ್ಲರಿಗೂ ಸೇರಿ ಒಂದೇ ಸಾವಿರ ಲೀಟರಿನ ಕಪ್ಪು ಟ್ಯಾಂಕು. ಮೋಟರಿನ ಸ್ವಿಚ್ಚು ಮಾತ್ರ ಆಂಟಿ ಮನೆಯೊಳಗೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಅಧಿಕಾರ ಯಾರ ಕೈಯಲ್ಲಿದೆ ಅಂತ ತಿಳಿಯಬೇಕಾದರೆ ಮೋಟರ್ ಸ್ವಿಚ್ಚು ಎಲ್ಲಿದೆ ನೋಡಿದರೆ ಸಾಕು :)

ಆಂಟಿ ಲೆಕ್ಕದಲ್ಲಿ ಪಕ್ಕಾ. ಕ್ಯಾಲೆಂಡರಿನ ಮೇಲೆ ದಿನಾ ಮೋಟರ್ ಹಾಕಿದ ಹೊತ್ತು ಬರೆದಿಡುತ್ತಾರೆ. ಜನವರಿಯಲ್ಲಿ ದಿನಕ್ಕೊಂದೇ ಗುರುತು ಇತ್ತು. ಮಾರ್ಚಿಗೆ ಬಂದರೆ ವಾರದಲ್ಲಿ ಎರಡು ಮೂರು ದಿನ ಎರಡೆರಡು ಗುರುತು. ಮೊದಲು ನಮ್ಮ ಮನೆಗೆ ಬಂದು, ಮಗುವಿನ ಬಟ್ಟೆ ಎಷ್ಟು ಸಲ ಒಗೆಯುತ್ತೀರಿ ಅಂತ ನಗುನಗುತ್ತಲೇ ವಿಚಾರಿಸಿದರು. ಹೆಂಡತಿಗೆ ಒಳಗೇ ಚುರ್ ಅಂದಿತು. ಆಮೇಲೆ ಅನುಮಾನ ಮೇಲೆ ಹತ್ತಿತು. "ಆ ಹುಡುಗ್ರು ನಲ್ಲಿ ತಿರುಗಿಸಿ ಫೋನ್ ನೋಡ್ತಾ ಕೂತಿರ್ತಾರೆ ಕಣಪ್ಪಾ. ತಿಂಗಳ ಕೊನೆಗೆ ಖಾಲಿ ಮಾಡಿ ಅಂತ ಹೇಳ್ಬಿಟ್ಟಿದೀನಿ" ಅಂದರು. ಆ ಬೇಸಿಗೆಯಲ್ಲಿ ಮೂರು ಜನ ಬ್ಯಾಚುಲರ್‌ಗಳಿಗೆ ಆ ಬಾಡಿಗೆಗೆ ರೂಮು ಎಲ್ಲಿ ಸಿಗಬೇಕು? ಒಬ್ಬನಂತೂ ಆಗಲೇ ಪೀಜಿ ಹುಡುಕಿಕೊಂಡು ಗಂಟುಮೂಟೆ ಕಟ್ಟಿದ್ದ.

ನನ್ನ ಊರು ಸಾಗರದ ಕಡೆ. ನಮ್ಮ ಮನೆಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದು ಬಚ್ಚಲ ತೊಟ್ಟಿಗೆ ಬೀಳುತ್ತೆ. ಎಲ್ಲೋ ಮೇಲೆ ಪೈಪು ಕಳಚಿದರೆ ಅಮ್ಮ ಅಡುಗೆಮನೆಯಲ್ಲಿ ಕೂತೇ ಹೇಳುತ್ತಾಳೆ, ತೊಟ್ಟಿಗೆ ಬೀಳುವ ನೀರಿನ ಸದ್ದು ಸಣ್ಣಗಾಯಿತು ಅಂತ. ಬೆಂಗಳೂರಿನಲ್ಲಿ ಆ ಸೌಲಭ್ಯವಿಲ್ಲ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿಸಿಕೊಂಡು ಹತ್ತಿ ಬರುವ ಕಾವೇರಿ, ಬೀದಿಯ ಪೈಪಿನಿಂದ ಸಂಪಿಗೆ, ಸಂಪಿನಿಂದ ಮೋಟರಿಗೆ, ಅಲ್ಲಿಂದ ಟ್ಯಾಂಕಿಗೆ, ಆಮೇಲೆ ನಲ್ಲಿಗೆ. ಎಲ್ಲಿ ಏನಾದರೂ ನಮ್ಮ ಕಿವಿಗೆ ಬೀಳುವುದಿಲ್ಲ.

ನೆಟ್‌ನಲ್ಲಿ ಹುಡುಕಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಎಲ್ಲ ನಲ್ಲಿ ಮುಚ್ಚಿ, ನೀರಿನ ಮೀಟರಿನ ಪುಟ್ಟ ಚಕ್ರ ತಿರುಗುತ್ತಾ ನೋಡಿ, ತಿರುಗಿದರೆ ಸೋರಿಕೆ ಇದೆ. ಬೀದಿಯ ಪೈಪು ನೇರ ನಲ್ಲಿಗೆ ಬರುವ ದೇಶಗಳಲ್ಲಿ ಇದು ಸರಿ. ನಮ್ಮಲ್ಲಿ ಮೀಟರಿಗೂ ನಲ್ಲಿಗೂ ನಡುವೆ ಸಂಪು, ಟ್ಯಾಂಕು ಅಂತ ಎರಡೆರಡು ಕೊಳಗಳು. ಮೀಟರಿಗೆ ಗೊತ್ತಾಗುವುದು ಸಂಪಿಗೆ ಎಷ್ಟು ಬಂತು ಅಂತ ಮಾತ್ರ. ಕಾವೇರಿ ಬಿಡದ ದಿನ ಮನೆಯೆಲ್ಲ ಸೋರಿದರೂ ಮೀಟರು ಸುಮ್ಮನೆ ಕೂತಿರುತ್ತೆ. (ಒಂದಕ್ಕೆ ಉಪಯೋಗ ಇದೆ: ಸಂಪು ತುಂಬಿದ ಮೇಲೂ ನೀರು ಬಿಟ್ಟಾಗಲೆಲ್ಲ ಚಕ್ರ ಓಡುತ್ತಲೇ ಇದ್ದರೆ, ಸಂಪಿನ ಫ್ಲೋಟ್ ವಾಲ್ವ್ ಕೆಟ್ಟು ನೀರು ಚರಂಡಿಗೆ ಹೋಗುತ್ತಿದೆ ಅಂತ ಅರ್ಥ. ನಡುರಾತ್ರಿ ನೀರು ಬಿಡುವ ಬಡಾವಣೆಗಳಲ್ಲಿ ಇದು ಯಾರಿಗೂ ತಿಳಿಯುವುದಿಲ್ಲ.)

ಹಾಗಾಗಿ ನಮ್ಮ ಮೀಟರು ಅಂದರೆ ಟ್ಯಾಂಕೇ. ಒಂದು ಭಾನುವಾರ ಹುಡುಗರಲ್ಲಿ ಒಬ್ಬನಿಗೆ ಹೇಳಿದೆ, ರಾತ್ರಿ ನೀರಿನ ಮಟ್ಟ ಗುರುತು ಮಾಡೋಣ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡೋಣ ಅಂತ. "ಅದೇನ್ ದೊಡ್ಡ ಮಾತ್ರೀ ಸರ, ನಾ ಮಾಡ್ತೀನಿ ತಗೋರಿ" ಅಂದ. ಏಣಿ ಹತ್ತಿ, ಟ್ಯಾಂಕಿನೊಳಗೆ ಉದ್ದನೆಯ ಸ್ಕೇಲು ಇಳಿಬಿಟ್ಟು, ಹೊರಗೆ ಅದೇ ಎತ್ತರಕ್ಕೆ ಬಿಳಿ ಪೇಂಟಿನಲ್ಲಿ ಗೆರೆ ಎಳೆದ. ಎಲ್ಲರೂ ಒಂದೊಂದು ಬಕೆಟ್ ನೀರು ಹಿಡಿದಿಟ್ಟುಕೊಂಡೆವು. ರಾತ್ರಿ ಹನ್ನೆರಡರಿಂದ ಬೆಳಗಿನ ಐದರವರೆಗೆ ನಲ್ಲಿ ಬಂದ್.

ಐದು ಗಂಟೆಗೆ ನೋಡಿದರೆ ನೀರು ನಾಲ್ಕು ಸೆಂಟಿಮೀಟರ್ ಇಳಿದಿತ್ತು.

ನಾಲ್ಕು ಸೆಂಟಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತೆ. ಸಾವಿರ ಲೀಟರಿನ ದುಂಡನೆ ಟ್ಯಾಂಕಿನ ಅಗಲ ಸುಮಾರು ೧೧೦ ಸೆಂಟಿಮೀಟರ್, ಅಂದರೆ ಒಂದು ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂಬತ್ತೂವರೆ ಲೀಟರ್. ಐದು ಗಂಟೆಗೆ ೩೮ ಲೀಟರ್. ದಿನಕ್ಕೆ ೧೮೦ ದಾಟಿತು. ತಿಂಗಳಿಗೆ ಐದೂವರೆ ಸಾವಿರ. ಆಗ ನಾವು ಕೈಕಾಲು ಹಿಡಿದು ತರಿಸುತ್ತಿದ್ದ ಸಣ್ಣ ಟ್ಯಾಂಕರ್ ಇತ್ತಲ್ಲ, ಹತ್ತಿರ ಹತ್ತಿರ ಅಷ್ಟು!

ಸಂಪನ್ನೂ ನೋಡಿದೆವು. ಟ್ಯಾಂಕು ಇಳಿದಾಗ ಸಂಪು ಏರಿದ್ದರೆ, ಮೋಟರಿನ ಪೈಪಿನಲ್ಲೇ ನೀರು ವಾಪಸ್ ಇಳಿಯುತ್ತಿದೆ, ಫುಟ್ ವಾಲ್ವ್ ಹೋಗಿದೆ ಅಂತ. ಹಾಗಾದರೆ ನೀರು ನಷ್ಟವಿಲ್ಲ, ಕರೆಂಟು ಮಾತ್ರ ದಂಡ. ನಮ್ಮ ಸಂಪು ಏರಿರಲೂ ಇಲ್ಲ, ಇಳಿದಿರಲೂ ಇಲ್ಲ.

ಟ್ಯಾಂಕಿನಿಂದ ಇಳಿಯುವ ಪೈಪುಗಳು ಮೂರು, ಒಂದೊಂದಕ್ಕೂ ಒಂದು ವಾಲ್ವು. ಆಂಟಿಗೆ ಹೋಗಿ ಹೇಳಿದೆವು, ದಿನಕ್ಕೊಂದು ವಾಲ್ವು ಮುಚ್ಚಿ ನೋಡುತ್ತೇವೆ ಅಂತ. ಅವರು ನನ್ನನ್ನೊಮ್ಮೆ ಆ ಹುಡುಗನನ್ನೊಮ್ಮೆ ನೋಡಿ, "ನಂದೂ ಮುಚ್ಚಿ. ನೋಡೇಬಿಡೋಣ" ಅಂದರು. ಹಳೆಯ ಗೇಟ್ ವಾಲ್ವುಗಳು ವರ್ಷಗಟ್ಟಲೆ ತಿರುಗಿಸದೆ ಕಚ್ಚಿಕೊಂಡಿರುತ್ತವೆ, ಜೋರು ಮಾಡಿದರೆ ಹಿಡಿಯೇ ಕೈಗೆ ಬರುತ್ತೆ. ಎಣ್ಣೆ ಬಿಟ್ಟು, ಅರ್ಧ ದಿನ ಕಾದು, ನಿಧಾನಕ್ಕೆ ತಿರುಗಿಸಿದೆವು. ಮೊದಲ ರಾತ್ರಿ ನಮ್ಮ ಮನೆಯದು ಮುಚ್ಚಿದೆವು, ನಾಲ್ಕು ಸೆಂಟಿಮೀಟರ್ ಇಳಿಯಿತು. ಎರಡನೇ ರಾತ್ರಿ ಹುಡುಗರ ರೂಮಿನದು. ಮತ್ತೆ ನಾಲ್ಕು. ಮೂರನೇ ರಾತ್ರಿ ಆಂಟಿಯದು. ನೀರು ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ.

ಈಗ ಇದನ್ನು ಆಂಟಿಗೆ ಹೇಳುವವರು ಯಾರು? ಹುಡುಗ "ನೀವ ಹೇಳ್ರಿ ಸರ, ನಾ ಹೇಳಿದ್ರ ಇವತ್ತ ಖಾಲಿ ಮಾಡಸ್ತಾರ" ಅಂದ. ನಾನು ಹೇಳಿದೆ. ಆಂಟಿ ಒಪ್ಪಲಿಲ್ಲ. ೧೯೯೪ರಲ್ಲಿ ಅವರ ಯಜಮಾನರು ಮುಂದೆ ನಿಂತು ಕಟ್ಟಿಸಿದ ಮನೆ ಅದು, ಪೈಪೆಲ್ಲ ಒಳ್ಳೆಯ ಜಿ.ಐ. ಪೈಪು. ತಮ್ಮ ಬಚ್ಚಲಲ್ಲಿ ಒಂದು ಹನಿ ಹೊರಗೆ ಕಂಡಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಮೋಡಿನ ಸಿಸ್ಟರ್ನಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಕಾದೆವು. ಕೆಳಗೆ ಬೇಸಿನ್ನಿಗೆ ನೀಲಿ ಇಳಿಯಲಿಲ್ಲ, ಅಲ್ಲೂ ಸೋರಿಕೆ ಇಲ್ಲ.

ನನಗೆ ಆಗ ನೆನಪಾದದ್ದು ದೊಡ್ಡಪತ್ರೆ. ಬಚ್ಚಲ ಗೋಡೆಯ ಹೊರಗೆ, ಕಾಂಪೌಂಡಿನ ಮೂಲೆಯಲ್ಲಿ, ದಂಡದ ಭಯಕ್ಕೆ ಯಾರೂ ಗಿಡಕ್ಕೆ ನೀರು ಹಾಕದ ಆ ಮಾರ್ಚಿನಲ್ಲಿ, ದೊಡ್ಡಪತ್ರೆ ಪೊದೆ ಪೊದೆಯಾಗಿ ಬೆಳೆದು ನಿಂತಿತ್ತು. ಮಗುವಿಗೆ ಶೀತ ಆದಾಗ ನಾವು ಅಲ್ಲಿಂದಲೇ ಎಲೆ ಕಿತ್ತದ್ದು. "ನನ್ನ ಕೈಗುಣ" ಅಂತ ಆಂಟಿ ಬೀಗುತ್ತಿದ್ದರು. ಅದರ ಬುಡ ಕೆದಕಿದರೆ ಮಣ್ಣು ತಣ್ಣಗೆ, ಉಂಡೆ ಕಟ್ಟುವಷ್ಟು ಹಸಿ. ಒಳಗೆ ಬಂದು ಅದೇ ಗೋಡೆಗೆ ಒರಗಿಸಿದ್ದ ಬೀರು ಸರಿಸಿದೆವು. ನೆಲದಿಂದ ಒಂದು ಅಡಿ ಎತ್ತರಕ್ಕೆ ಪೇಂಟು ಗುಳ್ಳೆ ಎದ್ದಿತ್ತು, ಬೆರಳು ತಾಗಿಸಿದರೆ ಬಿಳಿ ಉಪ್ಪಿನ ಪುಡಿ ಉದುರುತ್ತಿತ್ತು. "ಹೋದ ಮಳೆಗಾಲದ್ದು ಇರ್ಬೇಕು" ಅಂದರು. ಮಳೆಯ ತೇವ ಆದರೆ ಮಳೆ ನಿಂತು ತಿಂಗಳುಗಟ್ಟಲೆ ಬಿಸಿಲು ಕಾದ ಮೇಲೆ ಒಣಗಬೇಕಲ್ಲವೇ? ಇದು ಹಸಿಯಾಗಿಯೇ ಇತ್ತು. ಆ ಪಟ್ಟಿಗಿಂತ ಒಂದು ಗೇಣು ಮೇಲೆ ಗೀಸರಿನ ಪ್ಲಗ್ ಪಾಯಿಂಟ್ ಇತ್ತು. ಅದನ್ನು ನೋಡಿದ ಮೇಲೆ ಆಂಟಿ ಮಾತಾಡಲಿಲ್ಲ. ಗೀಸರಿನ ಎಂಸಿಬಿ ಆಫ್ ಮಾಡಿ, ಪ್ಲಂಬರಿಗೆ ಫೋನ್ ಮಾಡಿದೆವು.

ಪ್ಲಂಬರ್ ಬಂದವರು ಉದ್ದನೆಯ ಸ್ಕ್ರೂಡ್ರೈವರಿನ ತುದಿ ಗೋಡೆಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟುಕೊಂಡರು. ಬೇರೆ ಯಂತ್ರ ಏನೂ ಇಲ್ಲ. ಎರಡು ಕಡೆ ಕೇಳಿ, ಮೂರನೇ ಕಡೆ ಪೆನ್ಸಿಲಿನಲ್ಲಿ ಗುಂಡು ಸುತ್ತಿದರು. ನನಗೂ ಕೊಟ್ಟರು ಕೇಳಿ ಅಂತ. ಸ್ಸ್ಸ್.. ಅಂತ ದೂರದಲ್ಲಿ ಕುಕ್ಕರ್ ಕೂಗುವುದಕ್ಕೆ ತಯಾರಾದ ಹಾಗೆ. ಒಡೆದರೆ, ಎಲ್ಬೋ ಒಂದು ತುಕ್ಕು ತಿಂದು, ಸೂಜಿ ತೂತಿನಿಂದ ದಾರದಷ್ಟು ತೆಳ್ಳಗೆ ನೀರು ಚಿಮ್ಮುತ್ತಿತ್ತು. ಆ ಜಿ.ಐ. ಪೈಪಿಗೆ ಮೂವತ್ತು ವರ್ಷ, ಅದು ದುಡಿದದ್ದೇ ಹೆಚ್ಚು. ಹೊಸ ಸಿಪಿವಿಸಿ ಪೈಪನ್ನು ಗೋಡೆಯೊಳಗೆ ಹಾಕದೆ ಹೊರಗೇ ಕ್ಲಾಂಪ್ ಮಾಡಿಸಿದೆವು. ನೋಡಲು ಚೆಂದ ಇಲ್ಲ, ಆದರೆ ಸೋರಿದರೆ ಕಣ್ಣಿಗೆ ಕಾಣುತ್ತೆ.

ಆಂಟಿ ಹುಡುಗರ ಹತ್ತಿರ ತಪ್ಪಾಯಿತು ಅಂತೇನೂ ಅನ್ನಲಿಲ್ಲ. ಮಾರ್ಚ್ ಮುಗಿಯಿತು, ಖಾಲಿ ಮಾಡುವ ಮಾತೇ ಬರಲಿಲ್ಲ. ಏಪ್ರಿಲ್‌ನಲ್ಲಿ ಯುಗಾದಿ ದಿನ ಹೋಳಿಗೆ ತಟ್ಟೆ ನಮ್ಮ ಮನೆ ದಾಟಿ ಮೊದಲು ಟೆರೇಸಿಗೆ ಹತ್ತಿತು. ಪೀಜಿಗೆ ಹೋದವನು ಮಾತ್ರ ವಾಪಸ್ ಬರಲಿಲ್ಲ. ಅಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತಂತೆ. ದೊಡ್ಡಪತ್ರೆ ಮೇ ಹೊತ್ತಿಗೆ ಬಾಡಿತು. ಆಂಟಿ ಈಗ ಅದಕ್ಕೆ ತರಕಾರಿ ತೊಳೆದ ನೀರು ಹಾಕುತ್ತಾರೆ.

ಟ್ಯಾಂಕಿನ ಮೇಲಿನ ಗೆರೆ ಇನ್ನೂ ಇದೆ. ತಿಂಗಳಿಗೊಂದು ರಾತ್ರಿ ನೋಡುವ ಕೆಲಸ ನನಗೆ ಬಿದ್ದಿದೆ. ನಿಮ್ಮಲ್ಲಿ ಯಾರಾದರೂ ಏಣಿ ಹತ್ತದೆ ಟ್ಯಾಂಕಿನ ಮಟ್ಟ ನೋಡುವ ಅಗ್ಗದ ಉಪಾಯ ಮಾಡಿದ್ದರೆ ದಯವಿಟ್ಟು ತಿಳಿಸಿ. ಹಾಗೆಯೇ, ಹೋದ ವಾರ ನಮ್ಮ ಮನೆಯ ಸಿಸ್ಟರ್ನಿಗೂ ಸುಮ್ಮನೆ ನೀಲಿ ಬಿಟ್ಟು ನೋಡಿದೆ. ಕೆಳಗೆ ತೆಳ್ಳಗೆ ನೀಲಿ ಇಳಿದಿದೆ. ಭಾನುವಾರ ವಾಷರ್ ಹಾಕಬೇಕು. ಆಂಟಿಗೆ ಇನ್ನೂ ಹೇಳಿಲ್ಲ :)