ಕೇಳಲಾರದವರ ಠೇವಣಿ

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಸತ್ಯ ಧರ್ಮದ ದಿನ ಸಾಯಂಕಾಲ, ದುರ್ಗದಬೈಲಿನ ನಮ್ಮ ಅಂಗಡಿಗೆ ಅಣ್ಣನ ಮಗ ಬಂದು ಕುಳಿತಿದ್ದ. ಅವನು ಅಮೇರಿಕೆಯಲ್ಲಿ ನೌಕರಿಯಲ್ಲಿರುವವನು. ಮೃತರ ದೇಹವನ್ನು ಅತಿಶೀತದಲ್ಲಿರಿಸಿ, ಮುಂದೊಂದು ಕಾಲಕ್ಕೆ ವಿಜ್ಞಾನವು ಬೆಳೆದು ಅವರನ್ನು ಬದುಕಿಸೀತೆಂಬ ಆಸೆಯಿಂದ ಕಾಯುವ ಸಂಸ್ಥೆಗಳು ಅಲ್ಲಿವೆಯೆಂದೂ, ತನ್ನ ಸಹೋದ್ಯೋಗಿಯೊಬ್ಬ ಅಂಥದೊಂದಕ್ಕೆ ಸದಸ್ಯನಾಗಿರುವನೆಂದೂ ಹೇಳಿ, “ಕಾಕಾ, ಇದಕ್ಕ ನಮ್ಮ ಶಾಸ್ತ್ರ ಏನ್ ಹೇಳ್ತದ್ರಿ?” ಎಂದು ಕೇಳಿದ.

ನಾನು ಸುಲಭದ ಉತ್ತರವನ್ನೇ ಕೊಟ್ಟೆ. ಆಯುಃಕರ್ಮವು ತೀರಿದೊಡನೆ ಜೀವವು ಕೆಲವೇ ಸಮಯಗಳಲ್ಲಿ ಮುಂದಿನ ಗತಿಯನ್ನು ಸೇರುತ್ತದೆ. ಕಾಯ್ದಿಟ್ಟ ಪುದ್ಗಲಕ್ಕೆ ಅದು ಮರಳುವುದಿಲ್ಲ ಎಂದೆ. ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಸಂಗತಿಯನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದ ನಮಗೆ, ದೇಹವನ್ನು ಹಿಡಿದಿಡುವ ಈ ಹಂಬಲವು ವಿಚಿತ್ರವಾಗಿ ತೋರುವುದು ಸಹಜ. ಆದರೆ ಈ ವಿಷಯವನ್ನು ಓದುತ್ತ ಹೋದಂತೆ, ಲೆಕ್ಕಪತ್ರಗಳಲ್ಲೇ ಆಯುಷ್ಯ ಕಳೆದ ನನಗೆ ಅದರಲ್ಲಿ ಬೇರೊಂದು ಪ್ರಶ್ನೆ ಕಂಡಿತು. ಹಣ ಕೊಟ್ಟವನು ಮುಂದೆಂದೂ ಲೆಕ್ಕ ಕೇಳಲಾರದ ಸ್ಥಿತಿಗೆ ಹೋದ ಮೇಲೆ, ಹಣ ಪಡೆದ ಸಂಸ್ಥೆಯ ಸತ್ಯವ್ರತವನ್ನು ಕಾಯುವವರು ಯಾರು?

ಕ್ರಯೋನಿಕ್ಸ್ ಎಂದು ಕರೆಯಲಾಗುವ ಈ ಪ್ರಯತ್ನಕ್ಕೆ ದಾರಿ ತೋರಿದವರು ಭೌತಶಾಸ್ತ್ರದ ಅಧ್ಯಾಪಕ ರಾಬರ್ಟ್ ಎಟಿಂಗರ್. 1967ರ ಜನವರಿ 12ರಂದು ಜೇಮ್ಸ್ ಬೆಡ್‌ಫರ್ಡ್ ಎಂಬ ನಿವೃತ್ತ ಪ್ರಾಧ್ಯಾಪಕರ ದೇಹವನ್ನು ಮೊದಲ ಬಾರಿಗೆ ಹೀಗೆ ಶೀತಲೀಕರಿಸಲಾಯಿತು. ಆ ಕಾರ್ಯವನ್ನು ನಡೆಸಿದ ಕ್ಯಾಲಿಫೋರ್ನಿಯಾದ ಸಂಘದ ಅಧ್ಯಕ್ಷ ರಾಬರ್ಟ್ ನೆಲ್ಸನ್ ಮುಂದೆ ಹಲವರ ದೇಹಗಳನ್ನು ಚಾಟ್ಸ್‌ವರ್ತ್ ಎಂಬಲ್ಲಿಯ ಸ್ಮಶಾನದ ನೆಲಮಾಳಿಗೆಯಲ್ಲಿ ಇರಿಸಿದರು. ಹಣ ಸಾಲದಾಯಿತು, ದ್ರವ ಸಾರಜನಕವನ್ನು ತುಂಬುವುದು ನಿಂತಿತು, ದೇಹಗಳು ಕೊಳೆತುಹೋದವು. ಬಂಧುಗಳಿಗೆ ಅದನ್ನು ತಿಳಿಸಲಿಲ್ಲ. 1979ರಲ್ಲಿ ಸಂಗತಿ ಹೊರಬಿದ್ದಾಗ, ತಮ್ಮವರು ಇನ್ನೂ ಶೀತದಲ್ಲಿ ಸುರಕ್ಷಿತರಾಗಿದ್ದಾರೆಂದು ನಂಬಿದ್ದ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲೇರಿದವು. ಬೆಡ್‌ಫರ್ಡರ ದೇಹ ಮಾತ್ರ ಉಳಿಯಿತು. ಏಕೆಂದರೆ ಅವರ ಮನೆಯವರು ಅದನ್ನು ಮೊದಲೇ ಬೇರೆಡೆಗೆ ಒಯ್ದು ತಾವೇ ನಿಗಾ ವಹಿಸಿದ್ದರು. ಅದು ಈಗ ಅರಿಜೋನಾದಲ್ಲಿರುವ ಆಲ್ಕಾರ್ ಸಂಸ್ಥೆಯ ವಶದಲ್ಲಿದೆ.

ನೆಲ್ಸನ್ ಆ ಹಣವನ್ನು ನುಂಗಲೆಂದೇ ಈ ಕೆಲಸಕ್ಕೆ ಕೈಹಾಕಿದರೆಂದು ನಾನು ಹೇಳಲಾರೆ. ಹಣ ಮುಗಿದ ದಿನ ಒಂದು ಪತ್ರ ಬರೆದಿದ್ದರೆ ಬಂಧುಗಳು ಹಣ ಹೊಂದಿಸುತ್ತಿದ್ದರೋ, ಅಂತ್ಯಸಂಸ್ಕಾರವನ್ನೇ ಮಾಡುತ್ತಿದ್ದರೋ, ನಿರ್ಧಾರ ಅವರದಾಗಿರುತ್ತಿತ್ತು. ಆ ಪತ್ರವನ್ನು ಬರೆಯದಿದ್ದುದೇ ದೊಡ್ಡ ಅಪರಾಧವಾಯಿತು.

ಇಂದಿನ ಸಂಸ್ಥೆಗಳ ಮುಂದೆ ಇನ್ನೂ ಸೂಕ್ಷ್ಮವಾದ ಪ್ರಶ್ನೆಯಿದೆ. ಕೈಯಲ್ಲಿರುವ ಹಣ ಮಿತವಾದುದು. ಈಗಾಗಲೇ ಇರುವ ದೇಹಗಳನ್ನು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ ಕಾಯುವುದು ಒಂದು ಖರ್ಚು. ನೀರು ಹರಳುಗಟ್ಟಿ ಜೀವಕೋಶಗಳನ್ನು ಸೀಳದಂತೆ, ದೇಹವನ್ನು ಗಾಜಿನಂತೆ ಘನಗೊಳಿಸುವ ವಿಧಾನವನ್ನು ತಿದ್ದುವ ಸಂಶೋಧನೆ ಇನ್ನೊಂದು. ಮರಳಿ ಬದುಕಿಸುವ ಮಾರ್ಗವನ್ನು ಅರಸುವುದು ಮೂರನೆಯದು. ಸದಸ್ಯರ ಮನಸ್ಸು ಸ್ವಾಭಾವಿಕವಾಗಿಯೇ ಮೂರನೆಯದರ ಕಡೆಗೆ ಓಡುತ್ತದೆ. ಆದರೆ ಸಿದ್ಧಿಯಾಗಿರುವುದು ಎಷ್ಟು? ಗ್ರೆಗರಿ ಫೇಹಿ ಎಂಬ ವಿಜ್ಞಾನಿಯ ತಂಡವು ಮೊಲದ ಒಂದು ಮೂತ್ರಪಿಂಡವನ್ನು ಹೀಗೆ ಘನಗೊಳಿಸಿ, ಮತ್ತೆ ಬೆಚ್ಚಗಾಗಿಸಿ, ಮೊಲಕ್ಕೆ ಕಸಿಮಾಡಿದ ವರದಿಯನ್ನು 2009ರಲ್ಲಿ ಪ್ರಕಟಿಸಿತು. 2023ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದವರು 100 ದಿನಗಳವರೆಗೆ ಕಾಯ್ದಿರಿಸಿದ ಇಲಿಯ ಮೂತ್ರಪಿಂಡಗಳು ಕಸಿಯ ನಂತರ ಕೆಲಸ ಮಾಡಿದುದನ್ನು ತೋರಿಸಿದರು. ಮನುಷ್ಯನಿರಲಿ, ಇಡೀ ಇಲಿಯೊಂದನ್ನೂ ಆ ಶೀತದಿಂದ ಮರಳಿ ಬದುಕಿಸಿದವರಿಲ್ಲ. ಸದಸ್ಯನಿಗೆ ಇಷ್ಟನ್ನು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಬೇಕು. ಮೂತ್ರಪಿಂಡದ ಯಶಸ್ಸನ್ನು ಮನುಷ್ಯನ ಪುನರುಜ್ಜೀವನದ ಮುನ್ಸೂಚನೆಯೆಂದು ಸಾರಿದರೆ ಅದು ಮಿಥ್ಯೋಪದೇಶವೇ ಸರಿ.

ಶ್ರಾವಕನಿಗೆ ಇಲ್ಲಿ ಮತ್ತೊಂದು ಪ್ರಶ್ನೆಯೂ ಏಳುತ್ತದೆ. ಈ ಪ್ರಯೋಗಗಳಲ್ಲಿ ಮೊಲ, ಇಲಿಗಳ ಪ್ರಾಣಹಾನಿಯಾಗುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಲ್ಲೂ ಹಿಂಸೆಯ ಭಾರ ತಗಲುವುದೆಂದು ನಾವು ನಂಬುತ್ತೇವೆ. ಚಂದಾ ಕೊಟ್ಟವನು ಅನುಮೋದಿಸಿದವನಾಗುತ್ತಾನೆ. ಆದುದರಿಂದ ತನ್ನ ಹಣದಿಂದ ಯಾವ ಪ್ರಯೋಗ ನಡೆಯಿತು, ಎಷ್ಟು ಜೀವಗಳು ಹೋದವು, ಬೇರೆ ಮಾರ್ಗವನ್ನು ಹುಡುಕಲಾಯಿತೇ ಎಂಬುದನ್ನು ತಿಳಿಯುವ ಹಕ್ಕು ಅವನಿಗಿದೆ. ತಿಳಿಸದೆ ನಡೆಸುವ ಸಂಸ್ಥೆಯು ಅವನ ಹಣದ ಜೊತೆಗೆ ಅವನ ವ್ರತವನ್ನೂ ಖರ್ಚುಮಾಡಿದಂತಾಗುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮಿಥ್ಯೋಪದೇಶದೊಡನೆ ನ್ಯಾಸಾಪಹಾರವೂ ಬರುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನೀಡುವ ವಿವರಣೆಯ ತಾತ್ಪರ್ಯ ಹೀಗಿದೆ: ಠೇವಣಿ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು. ಹಣದ ವಿಷಯವಾದರೂ ಆಚಾರ್ಯರು ಇದನ್ನು ಅಚೌರ್ಯದ ಕೆಳಗೆ ಸೇರಿಸದೆ ಸತ್ಯದ ಕೆಳಗೆ ಸೇರಿಸಿದರು. ಇಟ್ಟವನ ಮರೆವಿನ ಲಾಭ ಪಡೆಯುವ ಒಂದು ‘ಹೌದು’ ಸಾಕು, ವ್ರತಕ್ಕೆ ಕಲೆ ತಗಲುತ್ತದೆ. ಇಟ್ಟವನು ಮರೆತಿರುವುದಷ್ಟೇ ಅಲ್ಲ, ಕೇಳುವ ಬಾಯಿಯನ್ನೇ ಕಳೆದುಕೊಂಡಿದ್ದರೆ ಹೊಣೆ ಇನ್ನೆಷ್ಟು ಹೆಚ್ಚು!

ಇದನ್ನು ಅಮೇರಿಕೆಯವರ ಮೇಲೆ ಹೊರಿಸಿ ಸುಮ್ಮನಾಗುವ ಅಧಿಕಾರ ನನಗಿಲ್ಲ. ಬಸದಿಯೊಂದರ ಟ್ರಸ್ಟಿನಲ್ಲಿ ನಾನು ಕೆಲವು ವರ್ಷ ಖಜಾಂಚಿಯಾಗಿದ್ದೆ. ಹಿಂದಿನವರು 501 ರೂಪಾಯಿ ಇಟ್ಟು, ತಮ್ಮ ಹಿರಿಯರ ತಿಥಿಯಂದು ಶಾಶ್ವತ ಪೂಜೆ ನಡೆಯಬೇಕೆಂದು ರಸೀದಿ ಪಡೆದಿದ್ದರು. ಬಡ್ಡಿ ನೂರಕ್ಕೆ 12 ಇದ್ದಾಗ ವರ್ಷಕ್ಕೆ 60 ರೂಪಾಯಿ ಬರುತ್ತಿತ್ತು. ಆರೂವರೆಗೆ ಇಳಿದಾಗ 33 ರೂಪಾಯಿಯೂ ಬರಲಿಲ್ಲ. ಅಷ್ಟರಲ್ಲಿ ಹಾಲು, ಹೂವು, ಕಾಯಿ ಯಾವುದೂ ಹೊಂದುವುದಿಲ್ಲ. ಆಗ ಸಮಿತಿಯಲ್ಲಿ ಎಲ್ಲರ ಹೆಸರುಗಳನ್ನೂ ತಿಂಗಳಿಗೊಮ್ಮೆ ಒಂದೇ ಸಂಕಲ್ಪದಲ್ಲಿ ಓದಿಸುವುದೆಂದು ಗೊತ್ತುಮಾಡಿದೆವು, ದಾನಿಗಳಿಗೆ ತಿಳಿಸಲಿಲ್ಲ. ತಿಳಿಸಿದರೆ ಹೊಸ ದಾನ ನಿಂತೀತೆಂಬ ಭಯ. ಒಂದು ದಿನ ವೃದ್ಧೆಯೊಬ್ಬರು ಬಂದು, “ಇವತ್ತ ನಮ್ಮವರ ಪೂಜಾ ಆತೇನ್ರಿ?” ಎಂದು ಕೇಳಿದರು. ನಾನು “ಆತ್ರಿ” ಎಂದೆ. ಆಕೆ ಕೈಮುಗಿದು ಹೋದರು.

ಎರಡು ವರ್ಷಗಳ ಮೇಲೆ ನನ್ನ ಒತ್ತಾಯದಿಂದ ಎಲ್ಲ ಕುಟುಂಬಗಳಿಗೂ ಪತ್ರ ಬರೆದೆವು. ಕೆಲವರು ಮೊತ್ತವನ್ನು ಹೆಚ್ಚಿಸಿದರು, ಕೆಲವರು ಸಿಟ್ಟಾದರು, ಹಲವು ಪತ್ರಗಳು ವಿಳಾಸದಾರರಿಲ್ಲದೆ ಮರಳಿದವು. ಆ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗನ ಮುಂದೆ ನಿಜವನ್ನು ಹೇಳಿ ಕ್ಷಮೆ ಬೇಡಿದೆ. ಅವರು ಕ್ಷಮಿಸಿದರು; ಆದರೆ ನನ್ನ ‘ಆತ್ರಿ’ ಎಂಬ ಮಾತು ಹೇಳಿದ್ದು ಅವರಿಗಲ್ಲ.

ನಮ್ಮ ಬಸದಿಗಳ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೇ. ‘ಶಾಶ್ವತ’ ಎಂಬ ಶಬ್ದವನ್ನು ರಸೀದಿಯಲ್ಲಿ ಬರೆಯುವ ಮುನ್ನ ಲೆಕ್ಕಹಾಕಿರಿ. ಪ್ರತಿ ನಿಧಿಯ ಉತ್ಪನ್ನ, ಖರ್ಚು, ಕೊರತೆಗಳನ್ನು ವರ್ಷಕ್ಕೊಮ್ಮೆ ದಾನಿಗಳಿಗೂ ಅವರ ವಾರಸುದಾರರಿಗೂ ಕಳುಹಿಸಿರಿ. ಕೊರತೆಯಿರುವ ವರ್ಷ ಆ ಪತ್ರವನ್ನು ತಪ್ಪದೆ ಕಳುಹಿಸಿರಿ. ಅಣ್ಣನ ಮಗನಿಗೂ ಇದನ್ನೇ ಬರೆದಿದ್ದೇನೆ: ಶಾಸ್ತ್ರವು ಏನು ಹೇಳುತ್ತದೆಂದು ನಿನ್ನ ಗೆಳೆಯ ಕೇಳಿದರೆ, ತನ್ನ ಸಂಸ್ಥೆಯು ಸೋತ ಪ್ರಯೋಗದ ವರದಿಯನ್ನು ಸದಸ್ಯರಿಗೆ ಕೊನೆಯ ಬಾರಿ ಯಾವಾಗ ಕಳುಹಿಸಿತೆಂದು ಮೊದಲು ಕೇಳಿಕೊಳ್ಳಲಿ.