ಅಳತೆ ಪುಸ್ತಕದಲ್ಲಿ ಕಂಡ ಬೀದರ್

ತೊಂಬತ್ತರ ದಶಕದಲ್ಲಿ ಬಗದಲ್‌ನಿಂದ ಬೀದರಿಗೆ ಬಂದು ಒಬ್ಬ ಸಣ್ಣ ಗುತ್ತಿಗೆದಾರರ ಬಳಿ ಲೆಕ್ಕ ಬರೆಯಲು ಸೇರಿದೆ. ನಮ್ಮ ಸಾಹುಕಾರರಿಗೆ ಸಿಗುತ್ತಿದ್ದದ್ದು ಒಂದು ಗಲ್ಲಿಯ ಚರಂಡಿ, ಒಂದು ಓಣಿಯ ಫರಸಿ, ಒಂದು ಶಾಲೆಯ ಕಾಂಪೌಂಡು, ಅಷ್ಟೆ.

ನಮ್ಮ ಸುಗ್ಗಿ ಮಾರ್ಚ್ ತಿಂಗಳು. ವರ್ಷವಿಡೀ ಮುಖ ತೋರಿಸದ ಅನುದಾನ ಕೊನೆಗೆ ಒಮ್ಮೆಲೇ ಬರುತ್ತಿತ್ತು. 31ರೊಳಗೆ ಬಿಲ್ ಆಗದಿದ್ದರೆ ದುಡ್ಡು ವಾಪಸ್. ಮುಗಿದ ಕೆಲಸವನ್ನು ಅಳೆದು ಬರೆಯುವ ಅಳತೆ ಪುಸ್ತಕವನ್ನು ಎಂಜಿನಿಯರ್ ಸಾಹೇಬರು ತೆರೆಯುವವರೆಗೆ ಕಚೇರಿ ಬಾಗಿಲಲ್ಲಿ ಕೂರುವುದೇ ನನ್ನ ಕೆಲಸ. ಟೆಂಡರ್ ಪೆಟ್ಟಿಗೆಗೆ ಲಕೋಟೆ ಬೀಳುವ ಮೊದಲೇ ಗುತ್ತಿಗೆದಾರರು ಚಹಾದಂಗಡಿಯಲ್ಲಿ ಕೂಡಿ, ಈ ಸಲ ಯಾರದು, ಮುಂದಿನ ಸಲ ಯಾರದು ಎಂದು ಹಂಚಿಕೊಳ್ಳುತ್ತಿದ್ದರು. 1999ರ ಟೆಂಡರ್ ಪಾರದರ್ಶಕತೆ ಕಾಯ್ದೆ, ಅದರ ಬೆನ್ನಿಗೆ 2007ರಲ್ಲಿ ಆನ್‌ಲೈನಿನಲ್ಲೇ ಟೆಂಡರ್ ಹಾಕುವ ಇ-ಪ್ರೊಕ್ಯೂರ್‌ಮೆಂಟ್ ಬಂದು ಆ ಪೆಟ್ಟಿಗೆ ಮೂಲೆಗೆ ಸರಿಯಿತು. ಚಹಾದಂಗಡಿಯ ಜಾಗದಲ್ಲಿ ಕಂಪ್ಯೂಟರ್ ಅಂಗಡಿ ಬಂತು, ನಾನೂ ಅಲ್ಲಿಗೇ ಹೋಗಿ ಕುಳಿತೆ.

ಹಣದ ದಾರಿಯೂ ಬದಲಾಯಿತು. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ನಮ್ಮ ಜಿಲ್ಲೆಯ ಭಾಲ್ಕಿ, ಔರಾದ್ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ನಮಗೆ ಗೊತ್ತಿದ್ದ ಬಡತನ ಸರ್ಕಾರದ ಕಾಗದಕ್ಕೆ ಏರಿತು. 2006ರ ಕೊನೆಗೆ ಏಷ್ಯಾ ಅಭಿವೃದ್ಧಿ ಬ್ಯಾಂಕ್ ಉತ್ತರ ಕರ್ನಾಟಕದ 25 ಪಟ್ಟಣಗಳ ಯೋಜನೆಗೆ 27 ಕೋಟಿ ಡಾಲರ್ ಸಾಲ ಒಪ್ಪಿತು. ಅದರಲ್ಲಿ ಬೀದರೂ ಇತ್ತು, ಬಸವಕಲ್ಯಾಣವೂ ಇತ್ತು. ನೀರು, ಒಳಚರಂಡಿ ಅದರ ದೊಡ್ಡ ಬಾಬತ್ತು. 2015ರಲ್ಲಿ ನಗರಗಳ ಮೂಲಸೌಕರ್ಯಕ್ಕೆಂದು ಬಂದ ಕೇಂದ್ರದ ಅಮೃತ್ ಯೋಜನೆಗೂ ಬೀದರ್ ಸೇರಿತು.

ದೊಡ್ಡ ಹಣಕ್ಕೆ ದೊಡ್ಡ ಪ್ಯಾಕೇಜು. ಕೋಟಿಗಟ್ಟಲೆ ವಹಿವಾಟು ತೋರಿಸುವವರಿಗೆ ಮಾತ್ರ ಅರ್ಜಿ ಹಾಕುವ ಅರ್ಹತೆ. ಹೊರಗಿನ ಕಂಪನಿಗಳು ಜೆಸಿಬಿ ಸಮೇತ ಬಂದವು, ನಮ್ಮ ಸಾಹುಕಾರರು ಅವರ ಕೈಕೆಳಗಿನ ತುಂಡು ಗುತ್ತಿಗೆದಾರರಾದರು. ಕೆಂಪು ಕಲ್ಲಿನ ನೆಲ ಅಗೆಯುವುದು ಹಗುರವಲ್ಲ. ನೀರಿನ ಪೈಪಿಗೆಂದು ಅಗೆದ ಬೀದಿಯನ್ನು ಮುಚ್ಚಿ, ಒಳಚರಂಡಿಗೆ ಮತ್ತೆ ಅಗೆದು, ಆಮೇಲೆ ಕೇಬಲ್ಲಿಗೂ ಅಗೆದದ್ದನ್ನು ನಾನೇ ಕಂಡಿದ್ದೇನೆ. ಮೂರು ಕೆಲಸಕ್ಕೆ ಮೂರು ಲೆಕ್ಕಶೀರ್ಷಿಕೆ, ಮೂರು ಅಂದಾಜು ಪಟ್ಟಿ. ಒಬ್ಬರ ಕಡತ ಇನ್ನೊಬ್ಬರು ನೋಡುತ್ತಿರಲಿಲ್ಲ.

ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಬಂದು ಈ ಭಾಗದ ಪ್ರದೇಶಾಭಿವೃದ್ಧಿ ಮಂಡಳಿಗೆ ಹೊಸ ಬಲ ಸಿಕ್ಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಕಲ್ಯಾಣ ಕರ್ನಾಟಕವಾಯಿತು. ಬಜೆಟ್ಟಿನಲ್ಲಿ ಮಂಡಳಿಗೆ 2022-23ಕ್ಕೆ 3,000 ಕೋಟಿ, ಮರುವರ್ಷ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ನಾನು ಕೆಲಸಕ್ಕೆ ಸೇರಿದಾಗ ಇಂಥ ಮೊತ್ತವನ್ನು ಬರೆಯಲು ನಮ್ಮ ಖಾತೆವಹಿಯ ಕಾಲಮ್ಮೇ ಸಾಲುತ್ತಿರಲಿಲ್ಲ.

ಈ ಊರಿನ ಅತ್ಯುತ್ತಮ ನೀರಿನ ಕೆಲಸ ಮಾತ್ರ ಯಾವ ಟೆಂಡರಿಗೂ ಸೇರಿದ್ದಲ್ಲ. ಬಹಮನಿ ಕಾಲದಲ್ಲಿ ಇರಾನಿನ ಪದ್ಧತಿಯಂತೆ ನೆಲದೊಳಗೆ ಕೊರೆದ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ನೀರು ಹರಿಯುತ್ತಿತ್ತು. ನೌಬಾದ್ ಕಡೆ ಬಡಾವಣೆಗಳು ಎದ್ದಾಗ ಅದರ ಗಾಳಿಬಾವಿಗಳಲ್ಲಿ ಕಸ, ಮಣ್ಣು ತುಂಬಿದವು. ಅಪಾಯದಲ್ಲಿರುವ ಪಾರಂಪರಿಕ ತಾಣಗಳನ್ನು ಗುರುತಿಸುವ 2014ರ ವಿಶ್ವ ಸ್ಮಾರಕ ನಿಗಾ ಪಟ್ಟಿಯಲ್ಲಿ ಬೀದರ್ ಕಾಣಿಸಿಕೊಂಡಿತು. ಅದರ ಆಸುಪಾಸಿನ ವರ್ಷಗಳಲ್ಲಿ ಹೂಳೆತ್ತುವ ಕೆಲಸ ನಡೆದು, ಸುರಂಗದಲ್ಲಿ ಮತ್ತೆ ನೀರು ಕಂಡಿತು. ನೋಡಲು ಊರಿಗೆ ಊರೇ ಹೋಯಿತು.

ಲೆಕ್ಕ ಬರೆದವನಾಗಿ ನಾನು ಕಂಡದ್ದು ಇಷ್ಟು: ಕಟ್ಟುವುದಕ್ಕೆ ಲೆಕ್ಕಶೀರ್ಷಿಕೆ ಉಂಟು, ಕಾಪಾಡುವುದಕ್ಕೆ ಇಲ್ಲ. ಹೊಸ ಉದ್ಯಾನಕ್ಕೆ ಹಣ ಬರುತ್ತದೆ, ಅದಕ್ಕೆ ನೀರು ಹಾಕುವ ಮಾಲಿಯ ಪಗಾರಕ್ಕೆ ಬರುವುದಿಲ್ಲ. ಕರೇಜಿನ ಹೂಳು ಒಮ್ಮೆ ಎತ್ತಿದರೆ ಮುಗಿಯಿತೇ? ಮಳೆಗಾಲ ಪ್ರತಿ ವರ್ಷ ಬರುತ್ತದೆ. ಕ್ರಿಯಾಯೋಜನೆ ಬರೆಯುವವರು ಪ್ರತಿ ಕಾಮಗಾರಿಯ ಪಕ್ಕದಲ್ಲಿ ಅದರ ಹತ್ತು ವರ್ಷದ ನಿರ್ವಹಣೆ ಯಾರದು, ಎಷ್ಟರಲ್ಲಿ ಎಂಬುದನ್ನೂ ಬರೆಯಲಿ. ಅದಿಲ್ಲದ ಅಂದಾಜು ಪಟ್ಟಿಗೆ ಸಹಿ ಬೀಳಬಾರದು.